ಉಪಕೇಂದ್ರದಿಂದ ವಾರ್ಡಿಗೆ

ಹುಟ್ಟಿದ್ದು ಆಳಂದ ತಾಲ್ಲೂಕಿನಲ್ಲಿ, ಹಳ್ಳಿಯ ಆರೋಗ್ಯ ಸಹಾಯಕಿ, ಅಂದರೆ ಎಎನ್‌ಎಂ ಆಗಿ ದುಡಿದದ್ದು ಅಫಜಲಪುರ ತಾಲ್ಲೂಕಿನಲ್ಲಿ, ಸ್ಟಾಫ್ ನರ್ಸ್ ಆಗಿ ಅನ್ನ ತಿನ್ನುತ್ತಿರುವುದು ಜೇವರ್ಗಿಯಲ್ಲಿ. ಮೂರೂ ಕಲಬುರಗಿಯ ಮಗ್ಗುಲಿನ ತಾಲ್ಲೂಕುಗಳೇ. ಬೆಳಿಗ್ಗೆ ಆಳಂದದಲ್ಲಿ ಬಸ್ ಹತ್ತಿದವರು ಕಲಬುರಗಿಯಲ್ಲಿ ಚಹಾ ಕುಡಿದು ಮಧ್ಯಾಹ್ನದ ಊಟಕ್ಕೆ ಜೇವರ್ಗಿ ಮುಟ್ಟಬಹುದು. ನನಗೆ ಮಾತ್ರ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು.

ನಮ್ಮೂರು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಜಡ್ಡು ಜಾಪತ್ತು ಬಂದರೆ ಜನ ಕಲಬುರಗಿಗಿಂತ ಸೊಲ್ಲಾಪುರದ ದಾರಿ ಹಿಡಿಯುವುದೇ ಹೆಚ್ಚು. ಅಪ್ಪನಿಗೆ ಮಳೆ ನೆಚ್ಚಿದ ತೊಗರಿ ಹೊಲ. ಮನೆಯಲ್ಲಿ ನಾವು ನಾಲ್ವರು ಹೆಣ್ಣುಮಕ್ಕಳು. 90ರ ದಶಕದ ನಡುವೆ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮಂಥವರ ಮುಂದಿದ್ದದ್ದು ಎರಡೇ: ಟಿಸಿಎಚ್ ಮಾಡಿ ಸಾಲಿ ಟೀಚರ್ ಆಗುವುದು, ಇಲ್ಲ ಎಎನ್‌ಎಂ. ಅಪ್ಪ ಲೆಕ್ಕ ಹಾಕಿ ಹೇಳಿದ: “ಟೀಚರ್ ಕಲಿಕಿಗಿ ನಾವು ರೊಕ್ಕ ಕೊಡಬೇಕು. ಇದಕ್ಕ ಅವರೇ ನಮಗ ತಿಂಗಳಾ ಕೊಡ್ತಾರಂತ.” ಹೀಗೆ, ಸ್ಟೈಫಂಡಿನ ಆಸೆಗೆ, ನಾನು ಆರೋಗ್ಯ ಇಲಾಖೆಯವಳಾದೆ. ಸೇವೆ, ತ್ಯಾಗ ಎಂಬ ಮಾತೆಲ್ಲ ಆಮೇಲೆ ಸಮಾರಂಭಗಳಲ್ಲಿ ಕೇಳಿದ್ದು.

ಆಗ ಎಎನ್‌ಎಂ ತರಬೇತಿ 18 ತಿಂಗಳು. ಮೊದಲು ಅದು ಎರಡು ವರ್ಷದ್ದಿತ್ತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ, ಒಂದೊಂದು ರೋಗಕ್ಕೆ ಒಬ್ಬೊಬ್ಬ ಕಾರ್ಯಕರ್ತ ಬೇಡ, ಎಲ್ಲವನ್ನೂ ನೋಡಿಕೊಳ್ಳುವ ವಿವಿಧೋದ್ದೇಶ ಕಾರ್ಯಕರ್ತರು ಬೇಕು ಎಂದು ಶಿಫಾರಸು ಮಾಡಿತು. ಆ ಗಾಳಿಗೆ 1977ರಲ್ಲಿ ಕೋರ್ಸು ಚಿಕ್ಕದಾಯಿತು. ಕಲಿಸಿದ್ದೆಲ್ಲ ಕನ್ನಡದಲ್ಲಿ. ಬಸುರಿಯ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳುವುದು, ಬಿಪಿ ನೋಡುವುದು, ಲಸಿಕೆ ಹಾಕುವುದು, ಹೆರಿಗೆ ಮಾಡಿಸುವುದು, ರಜಿಸ್ಟರ್ ಬರೆಯುವುದು. ಇವಿಷ್ಟನ್ನೂ ಚೆನ್ನಾಗಿಯೇ ಕಲಿಸಿದರು. ಯಾಕೆ ಎಂದು ಕೇಳಬೇಕೆನ್ನುವುದನ್ನು ಮಾತ್ರ ಕಲಿಸಲಿಲ್ಲ.

ಕೆಲಸ ಸಿಕ್ಕಿದ್ದು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಉಪಕೇಂದ್ರದಲ್ಲಿ, ಗುತ್ತಿಗೆಯ ಮೇಲೆ. ಕೇಂದ್ರವೆಂದರೆ ಬಾಡಿಗೆಯ ಒಂದು ಕೋಣೆ, ಒಂದು ಮೇಜು, ಒಂದು ತೂಕದ ಯಂತ್ರ. ಬಯಲುಸೀಮೆಯಲ್ಲಿ 5000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬುದು ಸರಕಾರದ ಲೆಕ್ಕ. ಆ 5000 ಜನ ಒಂದೇ ಊರಲ್ಲಿ ಇರುವುದಿಲ್ಲವೆಂಬುದು ನಡೆದವರಿಗಷ್ಟೇ ಗೊತ್ತು. ಗುರುವಾರ ಬಂತೆಂದರೆ ವ್ಯಾಕ್ಸಿನ್ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು ಟಂಟಂ ಹತ್ತಬೇಕು. ಟಂಟಂ ಹೋಗದ ಕಡೆ ಎರೆಮಣ್ಣಿನ ದಾರಿ ತುಳಿಯಬೇಕು. ಮಳೆಗಾಲದಲ್ಲಿ ಆ ಮಣ್ಣು ಚಪ್ಪಲಿಯನ್ನು ಬಿಡುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹೋದ ಗುರುವಾರಗಳೇ ಹೆಚ್ಚು. ಸುಗ್ಗಿ ಮುಗಿದರೆ ಜನ ಮುಂಬೈ ಪುಣೆಗೆ ಗುಳೆ ಹೋಗುತ್ತಿದ್ದರು, ಕಬ್ಬಿನ ಹಂಗಾಮಿಗೆ ಗ್ಯಾಂಗಿನೊಂದಿಗೆ ಹೋಗುತ್ತಿದ್ದರು. ಎರಡನೇ ಡೋಸಿನ ಕೂಸು ಮೂರನೆಯದಕ್ಕೆ ಊರಲ್ಲಿರುವುದಿಲ್ಲ. ವರದಿಯಲ್ಲಿ ಅದು ನನ್ನ ಖಾತೆಯಲ್ಲಿ ‘ಬಿಟ್ಟುಹೋದ ಮಗು’.

ಹೆರಿಗೆ ಅಂದರೆ ಆಗ ಮನೆಯೇ. ರಾತ್ರಿ ಬಾಗಿಲು ಬಡಿಯುವ ಸದ್ದು, ಲಾಟೀನು, “ಬಾಯಾರ, ಲಗೂ ಬರ್ರಿ, ಸೊಸಿಗಿ ಬ್ಯಾನಿ ಎದ್ದಾವ” ಎಂಬ ಮಾತು. ಹೋಗುವ ಹೊತ್ತಿಗೆ ಊರ ಸೂಲಗಿತ್ತಿ ಆಗಲೇ ಎಣ್ಣೆ ಹಿಡಿದು ಕೂತಿರುತ್ತಿದ್ದಳು. ಇಬ್ಬರೂ ಸೇರಿ ಮಾಡುತ್ತಿದ್ದೆವು. ಆಕೆಯಿಂದ ನಾನು ಕಲಿತದ್ದೂ ಉಂಟು; ತಾಯಿಯ ಉಸಿರಿನ ಸದ್ದು ಕೇಳಿ ಇನ್ನೆಷ್ಟು ಹೊತ್ತು ಎಂದು ಹೇಳುವ ಆಕೆಯ ಕಿವಿ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಜೊತೆಗೆ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ಸ್ವಲ್ಪ ತಡೆದು ಮಡಿಲು ಕಿಟ್. ಹೆರಿಗೆಗಳು ನಿಧಾನಕ್ಕೆ ದವಾಖಾನೆಯತ್ತ ಸರಿದವು.

ಅದೇ ಕಾಲದಲ್ಲಿ ನಮಗೊಂದು ಹೊಸ ತರಬೇತಿ ಕೊಟ್ಟರು: ನುರಿತ ಹೆರಿಗೆ ಸಹಾಯಕಿ, ಅಂದರೆ ಎಸ್‌ಬಿಎ. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು ಎಎನ್‌ಎಂ ಕೊಡಬಹುದು ಎಂದು ಅದರಲ್ಲಿ ಹೇಳಿದರು. ಎರಡೂ ಪಿರ್ರೆಗೆ 5 ಗ್ರಾಂನಂತೆ ಆಳಕ್ಕೆ ಸೂಜಿ ಮಾಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮೊದಲ ಡೋಸು ಮಾತ್ರ. ಎರಡನೆಯದು ನಮ್ಮ ಕೆಲಸವಲ್ಲ.

ಹೆಚ್ಚು ದಿನ ಹೋಗಲಿಲ್ಲ, ಅಂಥ ಒಂದು ಕೇಸು ಬಂತು. ಚೊಚ್ಚಲ ಬಸುರಿ, ಕಾಲು ಮುಖ ಬಾತಿದ್ದವು, ನಾನು ಹೋಗುವಷ್ಟರಲ್ಲಿ ಎರಡು ಸಲ ಝಟಕಾ ಬಂದುಹೋಗಿತ್ತು. ಗಾಳಿ ಬಡಿದಿದೆ, ಗಾಣಗಾಪುರಕ್ಕೆ ಒಯ್ಯೋಣ ಎಂದು ಮನೆಯ ಹಿರಿಯರು ಎದ್ದು ನಿಂತಿದ್ದರು. “ದತ್ತಪ್ಪನ ದರ್ಶನ ಆಮ್ಯಾಲ ಮಾಡಸ್ರಿ, ಮೊದ್ಲ ಆಕಿ ಉಳೀಲಿ” ಎಂದು ಜಗಳ ಮಾಡಿಯೇ ಸೂಜಿ ಮಾಡಿದೆ. 108 ಬರುವುದಕ್ಕೆ ಮೊದಲಿನ ಮಾತದು. ರಾಜ್ಯದಲ್ಲಿ ಆ ಗಾಡಿಗಳು ಓಡಲಾರಂಭಿಸಿದ್ದು 2008ರ ನವೆಂಬರಿನಲ್ಲಿ. ಗೌಡರ ಜೀಪು ಬೇಡಿ, ಹಿಂದೆ ಹಾಸಿಗೆ ಹಾಸಿ, ಎಡಮಗ್ಗುಲಿಗೆ ಮಲಗಿಸಿ ಕಲಬುರಗಿಗೆ ಕಳಿಸಿದೆ. ಜೊತೆಗೆ ಹೋಗಲಾಗಲಿಲ್ಲ, ಇನ್ನೊಂದು ಮನೆಯಲ್ಲಿ ಮತ್ತೊಬ್ಬಳಿಗೆ ಬ್ಯಾನಿ ಎದ್ದಿತ್ತು.

ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಆಕೆ ತವರಿಂದ ತಿರುಗಿ ಬಂದ ಮೇಲೆ ಮಾತಾಡಿಸಿದೆ. ಅಲ್ಲಿ ಏನು ಮಾಡಿದರು ಎಂದು ಕೇಳಿದರೆ ಆಕೆಗೆ ನೆನಪಿದ್ದದ್ದು ಒಂದೇ: “ಒಬ್ಬಾಕಿ ಸಿಸ್ಟರ್ ರಾತ್ರಿಯೆಲ್ಲ ಬಂದು ಬಂದು ನನ್ನ ಮೊಣಕಾಲಿಗಿ ಕುಟ್ಟಿ ನೋಡ್ತಿದ್ಳರಿ.” ಮೊಣಕಾಲಿಗೆ ಯಾಕೆ ಕುಟ್ಟಿದರು? ಗೊತ್ತಿರಲಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ ಈ ಕೆಲಸ ಮಾಡಿದವಳಿಗೆ, ತಾನು ಕೊಟ್ಟ ಔಷಧ ಮುಂದೆ ಏನು ಮಾಡುತ್ತದೆಂದು ಗೊತ್ತಿರಲಿಲ್ಲ. ವಾರ್ಡಿನ ನರ್ಸ್ ಆಗುವ ಜಿಎನ್‌ಎಂ ಕೋರ್ಸು ಮಾಡಬೇಕೆಂಬ ಹಟ ಹುಟ್ಟಿದ್ದು ಆ ಮೊಣಕಾಲಿನಿಂದ.

ಹಿರಿಯ ಎಲ್‌ಎಚ್‌ವಿ (ಲೇಡಿ ಹೆಲ್ತ್ ವಿಸಿಟರ್) ಅಕ್ಕಾವರೊಬ್ಬರನ್ನು ಕೇಳಿದೆ. ಅವರು ನಕ್ಕರು. “ನಮ್ಮ ನಿಚ್ಚಣಿಕಿ ಬ್ಯಾರೆ, ಅವರ ನಿಚ್ಚಣಿಕಿ ಬ್ಯಾರೆ ತಂಗಿ. ನೀ ಎಷ್ಟು ಮ್ಯಾಲ ಏರಿದ್ರೂ ಆ ಗ್ವಾಡಿಗಿ ಹೋಗಲ್ಲ.” ಅವರು ಹೇಳಿದ್ದು ದಿಟ. ಎಎನ್‌ಎಂಗೆ ಇಲಾಖೆಯೊಳಗೆ ಬಡ್ತಿ ಎಂದರೆ ಆರು ತಿಂಗಳ ತರಬೇತಿ ಪಡೆದು ಎಲ್‌ಎಚ್‌ವಿ ಆಗುವುದು: ಆರು ಉಪಕೇಂದ್ರಗಳ ಎಎನ್‌ಎಂಗಳ ಮೇಲ್ವಿಚಾರಣೆ, ಆರು ಪಟ್ಟು ರಜಿಸ್ಟರ್. ವಾರ್ಡಿನ ಬಾಗಿಲು ಆ ಕಡೆ ತೆರೆಯುವುದಿಲ್ಲ. ವಾರ್ಡಿಗೆ ಹೋಗಬೇಕೆಂದರೆ ಜಿಎನ್‌ಎಂ ಓದಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಾಯಿಸಿಕೊಳ್ಳಬೇಕು.

ದಾರಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನೋಂದಾಯಿತ ಎಎನ್‌ಎಂ ಜಿಎನ್‌ಎಂಗೆ ಸೇರಲು ಅರ್ಹಳು ಎಂದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲೇ ಇದೆ. ಆದರೆ ಸೇರಿದ ಮೇಲೆ ಆಕೆಗೂ ಮೊನ್ನೆ ಪಿಯುಸಿ ಮುಗಿಸಿ ಬಂದ ಹುಡುಗಿಗೂ ಪಾಠ ಒಂದೇ, ವರ್ಷಗಳೂ ಅಷ್ಟೇ. ಆಗ ಜಿಎನ್‌ಎಂ ಮೂರೂವರೆ ವರ್ಷದ್ದು. ಮೂರು ವರ್ಷಕ್ಕೆ ಇಳಿದದ್ದು ಆಮೇಲೆ. ಕಲಿತ 18 ತಿಂಗಳಿಗೂ ದುಡಿದ ವರ್ಷಗಳಿಗೂ ಒಂದು ದಿನದ ರಿಯಾಯಿತಿ ಇಲ್ಲ. ಇದು ನನಗೆ ಇವತ್ತಿಗೂ ಒಗ್ಗದ ಮಾತು. ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ಕೆಳಗಿನ ಹಂತದವರು ರಿಜಿಸ್ಟರ್ಡ್ ನರ್ಸ್ ಆಗಲು ಕಾಲೇಜುಗಳಲ್ಲಿ ಬೇರೆಯೇ ಸೇತುವೆ ಕೋರ್ಸುಗಳಿವೆ. ಮೊದಲು ಕಲಿತದ್ದನ್ನು ಲೆಕ್ಕ ಹಿಡಿದು ಅಷ್ಟು ಅವಧಿ ಕಡಿಮೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ 1943ರ ಕಾಯ್ದೆಯಿಂದ ಎನ್‌ರೋಲ್ಡ್ ನರ್ಸ್ ಎಂಬ ಎರಡನೇ ದರ್ಜೆ ಹುಟ್ಟಿತ್ತು. 80ರ ದಶಕದ ಕೊನೆಗೆ ಆ ದರ್ಜೆಯ ತರಬೇತಿಯನ್ನೇ ಕೈಬಿಡುವಾಗ, ಇದ್ದವರನ್ನು ಮೇಲಕ್ಕೆ ತರಲು ಪರಿವರ್ತನೆ ಕೋರ್ಸುಗಳನ್ನು ನಡೆಸಿದರು. ನಮ್ಮಲ್ಲಿ ಬಾಗಿಲು ತೆರೆದಿಟ್ಟರು, ಮೆಟ್ಟಿಲು ಕಟ್ಟಲಿಲ್ಲ.

ನಾನು ಖಾಸಗಿ ಅಭ್ಯರ್ಥಿಯಾಗಿ ಆರ್ಟ್ಸ್ ಪಿಯುಸಿ ಕಟ್ಟಿ ಪಾಸಾದೆ, ಮುಂದೆ ಬಿ.ಎಸ್ಸಿಗೂ ಬೇಕಾದೀತೆಂದು. ಆಮೇಲೆ ಕಾಲೇಜು ಹುಡುಕುವ ಹೊತ್ತಿಗೆ ಏಜೆಂಟರು ಗಂಟುಬಿದ್ದರು. “ಮೇಡಂ, ನೀವು ನೌಕ್ರಿ ಬಿಡೂದು ಬ್ಯಾಡ. ನಾನ್ ಅಟೆಂಡಿಂಗ್ ಮಾಡಿ. ಪರೀಕ್ಷಾಕ್ಕ ಬಂದ್ರ ಸಾಕು.” ಮನೆಯಲ್ಲಿ ಎಲ್ಲರಿಗೂ ಇದು ಒಳ್ಳೆಯದಾಗಿ ಕಂಡಿತು. ಅತ್ತೆ ಮೊದಲಿಂದಲೂ ಒಂದೇ ಮಾತು: “ಸೂಜಿ ಮಾಡ್ಲಿಕ್ಕ ಇನ್ನಾ ಎಷ್ಟು ಕಲೀತಿ?” ಆದರೆ ಕಾಗದ ಸಿಕ್ಕರೆ ಮೊಣಕಾಲಿನ ಗುಟ್ಟು ಸಿಗುವುದಿಲ್ಲವಲ್ಲ. ಗುತ್ತಿಗೆ ಕೆಲಸ ಬಿಟ್ಟೆ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟೆ. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸದವರು. ಇರುವ ಎರಡೆಕರೆಯಲ್ಲಿ ಒಂದನ್ನು ಒತ್ತೆ ಇಟ್ಟು ಕಲಬುರಗಿಯ ಒಂದು ಖಾಸಗಿ ಕಾಲೇಜಿನ ಫೀಜು ಕಟ್ಟಿದರು. ಕಾಗದಕ್ಕೆ ರುಜು ಹಾಕಿ ಬಂದ ದಿನ ಅವರು ಏನೂ ಮಾತಾಡಲಿಲ್ಲ, ಕಡ್ಲಿಬೀಜ ಕೊಂಡು ಕೈಗಿಟ್ಟರು.

ತರಗತಿಯಲ್ಲಿ ನನಗಿಂತ ಹತ್ತು-ಹನ್ನೆರಡು ವರ್ಷ ಚಿಕ್ಕವರು. ಅರ್ಧಕ್ಕರ್ಧ ಕೇರಳದ ಹುಡುಗಿಯರು. ಎಲ್ಲರಿಗೂ ನಾನು ಆಂಟಿ. ಮೊದಲ ತಿಂಗಳುಗಳ ಪಾಠ ಹಾಸಿಗೆ ಹಾಸುವುದು: ಚಾದರದ ಮೂಲೆ ಹೇಗೆ ಮಡಿಸಬೇಕು, ರೋಗಿ ಮಲಗಿರುವಾಗಲೇ ಹೇಗೆ ಬದಲಿಸಬೇಕು. ಹಾಸಿಗೆಯೇ ಇಲ್ಲದ ಮನೆಗಳಲ್ಲಿ ಚಾಪೆಯ ಮೇಲೆ ನೂರಾರು ಹೆರಿಗೆ ಮಾಡಿಸಿ ಬಂದವಳಿಗೆ ಮೊದಮೊದಲು ನಗು ಬಂತು. ನಗು ಹೋದದ್ದು ಅನಾಟಮಿ ಪುಸ್ತಕ ತೆರೆದಾಗ. ಎಲ್ಲ ಇಂಗ್ಲಿಷು. ಸಾಲು ಸಾಲಿಗೂ ಎಡವುತ್ತಿದ್ದೆ.

ನನ್ನ ರೂಮಿನಲ್ಲಿದ್ದ ಕೊಟ್ಟಾಯಂ ಕಡೆಯ ಹುಡುಗಿಗೆ ಇಂಗ್ಲಿಷ್ ಸುಲಭ, ಆದರೆ ವಾರ್ಡಿಗೆ ಹೋದರೆ ಬಾಯಿ ಕಟ್ಟುತ್ತಿತ್ತು. ಚಿಂಚೋಳಿ ಕಡೆಯ ಮುದುಕಿಯೊಬ್ಬಳು “ಎದಿ ಕಿವುಚಿದಂಗ ಆಗ್ಲತ್ತದ” ಅಂದರೆ ಆಕೆ ನನ್ನ ಮುಖ ನೋಡಬೇಕು. ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ರಾತ್ರಿ ಆಕೆ ನನಗೆ ಪುಸ್ತಕ ಬಿಡಿಸಿ ಹೇಳುವುದು; ಹಗಲು ನಾನು ಆಕೆಗೆ ಜನರ ಮಾತು ಹೇಳಿಕೊಡುವುದು. ಕೋರ್ಸು ಮುಗಿಯುವಷ್ಟರಲ್ಲಿ ಆಕೆ “ಯವ್ವಾ, ಎಲ್ಲಿ ನೋಯ್ಲತ್ತದ ಹೇಳು” ಎಂದು ಕಲಬುರಗಿಯವರಂತೆಯೇ ಕೇಳುತ್ತಿದ್ದಳು. ಆಕೆ ಈಗ ಕೊಲ್ಲಿ ದೇಶದಲ್ಲಿದ್ದಾಳೆ. ಫೋನು ಮಾಡಿದಾಗ ಆ ಕನ್ನಡವನ್ನೇ ಆಡುತ್ತಾಳೆ.

ಮೊಣಕಾಲಿನ ಪಾಠ ಬಂದದ್ದು ಕೊನೆಯ ವರ್ಷ, ಮಿಡ್‌ವೈಫರಿಯಲ್ಲಿ. ಮ್ಯಾಗ್‌ಸಲ್ಫ್ ಫಿಟ್ಸ್ ತಡೆಯುತ್ತದೆ. ಆದರೆ ರಕ್ತದಲ್ಲಿ ಅದು ಮಿತಿ ಮೀರಿದರೆ ನರ ಮತ್ತು ಸ್ನಾಯುಗಳ ನಡುವಿನ ಸಂದೇಶ ಮಂದವಾಗುತ್ತದೆ. ಮೊದಲು ಮಾಯವಾಗುವುದು ಮೊಣಕಾಲಿನ ಚಿಮ್ಮು. ಆಮೇಲೆ ಉಸಿರು, ಕಡೆಗೆ ಹೃದಯ. ಅದು ಮೂತ್ರದ ಮೂಲಕವೇ ಹೊರಹೋಗಬೇಕು. ಅದಕ್ಕೇ ನಾಲ್ಕು ತಾಸಿಗೊಮ್ಮೆ ಮುಂದಿನ 5 ಗ್ರಾಂ ಕೊಡುವ ಮುಂಚೆ ಮೂರು ನೋಡಬೇಕು: ಮೊಣಕಾಲು ಚಿಮ್ಮುತ್ತಿದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ತಾಸಿಗೆ ಕನಿಷ್ಠ 30 ಮಿಲಿ ಬರುತ್ತಿದೆಯೇ. ಒಂದು ತಪ್ಪಿದರೂ ಡೋಸು ನಿಲ್ಲಿಸಬೇಕು. ಉಸಿರು ಕುಂದಿದರೆ ಕ್ಯಾಲ್ಸಿಯಂ ಗ್ಲೂಕೊನೇಟ್. ಫಿಟ್ಸ್ ಮರುಕಳಿಸದಂತೆ ತಡೆಯುವುದರಲ್ಲಿ ಡಯಾಜಿಪಾಮ್, ಫೆನಿಟಾಯಿನ್‌ಗಿಂತ ಮ್ಯಾಗ್‌ಸಲ್ಫೇ ಮೇಲೆಂದು ಹಲವು ದೇಶಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಿಂದ ಖಚಿತವಾದದ್ದು 1995ರಲ್ಲಿ. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ನಾನು ಆಳಂದದಿಂದ ಟ್ರಂಕು ಹೊತ್ತು ಹೊರಟ ಕಾಲವದು. ಅದು ಭೀಮಾ ದಂಡೆಯ ನನ್ನ ಚೀಲಕ್ಕೆ ಬರಲು ಹತ್ತು ವರ್ಷವೇ ಹಿಡಿದಿತ್ತು.

ಆ ದಿನ ತರಗತಿ ಮುಗಿದ ಮೇಲೆ ಟ್ಯೂಟರ್ ಮೇಡಂ ಹತ್ತಿರ ಹೋಗಿ, ಆ ಜೀಪಿನ ಹೆಣ್ಣುಮಗಳ ಕತೆ ಹೇಳಿದೆ. ಅವರು ಕೇಳಿ, ಮರುದಿನ ನನ್ನನ್ನೇ ಎಲ್ಲರ ಮುಂದೆ ನಿಲ್ಲಿಸಿ ಮೊದಲ ಡೋಸಿನ ಪಾಠ ಮಾಡಿಸಿದರು, ಕನ್ನಡದಲ್ಲೇ. ಮಲಯಾಳಿ ಹುಡುಗಿಯರು ಸಹ ಬರೆದುಕೊಂಡರು. ಕಾಲೇಜಿನ ಅಷ್ಟೂ ವರ್ಷಗಳಲ್ಲಿ ನನ್ನ ಹಿಂದಿನ ಕೆಲಸವನ್ನು ಯಾರಾದರೂ ಲೆಕ್ಕಕ್ಕೆ ಹಿಡಿದದ್ದು ಅದೊಂದೇ ಸಲ.

ನೋಂದಣಿ ಆಯಿತು, ಜೇವರ್ಗಿಯಲ್ಲಿ ಮತ್ತೆ ಗುತ್ತಿಗೆಯ ಮೇಲೆ ಸ್ಟಾಫ್ ನರ್ಸ್ ಕೆಲಸ. ಅಷ್ಟರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371(ಜೆ) ಬಂತು. ಗ್ರೂಪ್ ಸಿ ಹುದ್ದೆಗಳಲ್ಲಿ 100ಕ್ಕೆ 80 ಸ್ಥಳೀಯರಿಗೆ ಎಂಬ ನಿಯಮ ಇಲ್ಲದಿದ್ದರೆ ನನ್ನ ವಯಸ್ಸಿಗೆ ಕಾಯಂ ನೌಕರಿ ಕನಸಿನ ಮಾತೇ. 371(ಜೆ)ಯಿಂದ ಏನಾಯಿತು ಎಂದು ಮೂಗು ಮುರಿಯುವವರಿಗೆ ನಾನು ನನ್ನನ್ನೇ ತೋರಿಸುತ್ತೇನೆ. ಮುಂದೆ ಇಲಾಖೆಯ ನಿಯೋಜನೆಯ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿಯನ್ನೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಮುಗಿಸಿದೆ. ಸಂಬಳ ಕೈಗೆ ಬರುತ್ತಾ ಓದುವ ಸುಖವೇ ಬೇರೆ.

ವಾರ್ಡಿನಲ್ಲಿ ನನ್ನನ್ನು ಕಾದದ್ದು ಎರಡೂ ಕಡೆಯ ಕಲಿಕೆ. 2020 ನೆನೆದರೆ ಅದು ಗೊತ್ತಾಗುತ್ತದೆ. ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ಆ ಹೆದರಿಕೆ ತಗ್ಗುವ ಮೊದಲೇ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳ ನೀರು ಭೀಮಾ ನದಿಗೆ ಬಂತು. ಸೊನ್ನ ಬ್ಯಾರೇಜು ದಾಟಿದ ನೀರು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳನ್ನು ಹೊಕ್ಕಿತು. ಆಸ್ಪತ್ರೆಯಲ್ಲಿ ಎಲ್ಲರೂ ಬೆಡ್ಡು, ಆಕ್ಸಿಜನ್ ಎಣಿಸುತ್ತಿದ್ದಾಗ ನಾನು ಎಎನ್‌ಎಂಗಳಿಗೆ ಫೋನು ಹಚ್ಚಿ ಒಂದೇ ಕೇಳಿದೆ: “ನಿಮ್ಮ ವಹಿ ತೆಗೀರಿ. ಈ ಹದಿನೈದು ದಿನದಾಗ ಹಡಿಯೋರು ಯಾರ್ಯಾರು ಅದಾರ?” ಬಸುರಿಯರ ಹೆಸರು, ದಿನ ತುಂಬುವ ತಾರೀಕು, ಮನೆಯ ಗುರುತು ಎಲ್ಲವೂ ಪ್ರತಿ ಎಎನ್‌ಎಂ ಬಳಿ ಇರುತ್ತದೆಂದು ಎಎನ್‌ಎಂ ಆಗಿದ್ದವಳಿಗೆ ಗೊತ್ತು. ನೀರು ಏರುವ ಮುಂಚೆ ಅವರಲ್ಲಿ ಹಲವರನ್ನು ಟ್ರ್ಯಾಕ್ಟರಿನ ಮೇಲೆ ಜೇವರ್ಗಿಗೆ ತರಿಸಿಕೊಂಡೆವು. ಅವರಲ್ಲೊಬ್ಬಳಿಗೆ ಬಿಪಿ ಏರಿ ಮ್ಯಾಗ್‌ಸಲ್ಫ್ ಕೊಡಬೇಕಾಯಿತು. ಆ ರಾತ್ರಿ ಮೊಣಕಾಲು ಕುಟ್ಟಿದವಳು ನಾನೇ. ತಾಯಿ ಮಗು ಇಬ್ಬರೂ ಮನೆಗೆ ಹೋದರು.

ಈಗ ಉಪಕೇಂದ್ರಗಳ ಹೆಸರು ಬದಲಾಗಿದೆ. 2018ರ ಆಯುಷ್ಮಾನ್ ಭಾರತ ಯೋಜನೆಯಿಂದ ಅವು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು, 2023ರಲ್ಲಿ ಆ ಹೆಸರೂ ಬದಲಾಯಿತು. ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಬರುತ್ತಿದ್ದಾರೆ. ಬಿ.ಎಸ್ಸಿ ನರ್ಸಿಂಗ್ ಮುಗಿಸಿದ ಮಕ್ಕಳು. ಓದಿದವರು, ಚುರುಕಿನವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ವರ್ಷದಿಂದ ಅದೇ ಕೋಣೆಯ ಬೀಗ ತೆಗೆಯುತ್ತಿರುವ ನನ್ನ ಹಳೆಯ ಗೆಳತಿ ಕೇಳುತ್ತಾಳೆ: “ಆ ಕುರ್ಚಿಗಿ ನಾ ಯಾಕ ಲಾಯಕ್ ಅಲ್ಲ?” ಎಎನ್‌ಎಂ ಬಿಟ್ಟು ಜಿಎನ್‌ಎಂ, ಪೋಸ್ಟ್ ಬೇಸಿಕ್ ಎರಡನ್ನೇ ಸೇರಿಸಿ ಲೆಕ್ಕ ಹಾಕಿದರೂ ಆಕೆ ಆ ಕುರ್ಚಿಗೆ ಬರಲು ಇನ್ನೂ ಐದು ವರ್ಷ ಓದಬೇಕು, ಅಷ್ಟೂ ವರ್ಷ ಸಂಬಳದ ಖಾತ್ರಿ ಇಲ್ಲದೆ. ಆಕೆಗೆ ನಾನು ಓದು ಎನ್ನಲೂ ಆರೆ, ಬೇಡ ಎನ್ನಲೂ ಆರೆ.

ಚಿಕ್ಕ ವಯಸ್ಸಿನ ಎಎನ್‌ಎಂಗಳಿಗಾದರೆ ಧೈರ್ಯವಾಗಿ ಹೇಳುತ್ತೇನೆ. ಈಗ ಎಎನ್‌ಎಂಗೇ ಪಿಯುಸಿ ಬೇಕಾಗಿರುವುದರಿಂದ ನನಗಿದ್ದ ಒಂದು ಅಡ್ಡಿ ನಿಮಗಿಲ್ಲ. ನಾನ್ ಅಟೆಂಡಿಂಗ್ ಸೀಟು ಕೊಡುತ್ತೇವೆಂದು ಬರುವವರನ್ನು ಹೊಸ್ತಿಲಲ್ಲೇ ನಿಲ್ಲಿಸಿ. ಕಾಲೇಜಿನ ಮಾನ್ಯತೆಯನ್ನು ಶುಶ್ರೂಷಾ ಪರಿಷತ್ತಿನಲ್ಲೇ ವಿಚಾರಿಸಿ, ಏಜೆಂಟರ ಬಾಯಿಂದ ಕೇಳಬೇಡಿ. ಎಎನ್‌ಎಂ ನೋಂದಣಿ ಪತ್ರದ ನವೀಕರಣ ತಪ್ಪಿಸಬೇಡಿ. ಇನ್ನು ನಿಯಮ ಬರೆಯುವವರಿಗೆ: 1947ರ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆ ಬಂದಿದೆ. ಅದರಡಿ ಹೊಸ ನಿಯಮಗಳು ಬರುವಾಗ, ಹಳ್ಳಿಯಲ್ಲಿ ಐದು ವರ್ಷ ಎಎನ್‌ಎಂ ಆಗಿ ದುಡಿದವಳಿಗೆ ಜಿಎನ್‌ಎಂನ ಮೊದಲ ವರ್ಷವನ್ನಾದರೂ ಮಾಫಿ ಮಾಡಿ. ಓದುವಷ್ಟು ಕಾಲ ಆಕೆಯ ಸಂಬಳ ನಿಲ್ಲಿಸಬೇಡಿ.